ಲಿಂಟಲ್ಲಿಗೆ ಬಂದ ಮನೆ

ಪತ್ರಿಕೆಯ ಗೆಳೆಯರು ಪದ್ಯ ಕಳಿಸಿ ಎಂದು ಎರಡು ಸಲ ಕೇಳಿದರು. ಪದ್ಯ ಬರೆದು ಬಹಳ ದಿನವಾಯಿತು. ಕೈ ಸಿಮೆಂಟು ತಿಂದು ಬಿರಿದಿದೆ, ಪೆನ್ನು ಹಿಡಿದರೆ ಉರಿಯುತ್ತದೆ. ಅದಕ್ಕೆ ಪದ್ಯದ ಬದಲು ಮನೆಯ ಲೆಕ್ಕ ಒಪ್ಪಿಸುತ್ತಿದ್ದೇವೆ. ಮನೆ ಲಿಂಟಲ್ಲಿಗೆ ಬಂದು ನಿಂತಿದೆ.

ನಾವು ಎಂದರೆ ಅಪ್ಪ, ಅವ್ವ, ಅಕ್ಕ, ಅಕ್ಕನ ಮಗಳು, ತಮ್ಮ, ಮತ್ತೆ ನಮ್ಮೊಳಗೆ ಬಿ.ಎ. ಮುಗಿಸಿದವನೊಬ್ಬ. ಬರೆಯುತ್ತಿರುವವನು ಆ ಓದಿದವನೇ. ಆದರೆ 'ನಾನು ಮನೆ ಕಟ್ಟಿಸಿದೆ' ಎಂದು ಬರೆಯಲು ನಮಗೆ ಬರುವುದಿಲ್ಲ. ಊರಲ್ಲಿ ಹಾಗೆ ಹೇಳುವವರು ಬಹಳ ಜನ ಇದ್ದಾರೆ. ಅವರ ಮನೆ ಕಟ್ಟಿದವರು ನಾವು.

ನಮ್ಮೂರು ವಡ್ಡು. ಸಂಡೂರು ತಾಲ್ಲೂಕು, ತೋರಣಗಲ್ಲಿನ ಮಗ್ಗುಲು. ರಾತ್ರಿ ಉಕ್ಕಿನ ಕಾರ್ಖಾನೆಯ ಕಡೆ ಆಕಾಶ ಕೆಂಪಗಿರುತ್ತದೆ. ಅಮಾಸೆ ಕತ್ತಲು ಎಂದರೆ ಏನೆಂದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. 1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿಗೆ ಬಂದು ಈ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಅಜ್ಜಿ ರೊಟ್ಟಿ ಕಟ್ಟಿಕೊಂಡು ನಡೆದು ಹೋಗಿ ನೋಡಿ ಬಂದಿದ್ದಳಂತೆ. ನಾಳೆಯೇ ಕೆಲಸ ಸಿಗುತ್ತದೆ ಎಂದುಕೊಂಡಿದ್ದ ಜನ ಕಾಯುತ್ತ ಕಾಯುತ್ತ ಮುದುಕರಾದರು. ಅಡಿಗಲ್ಲು ಇಪ್ಪತ್ತು ವರ್ಷಕ್ಕೂ ಮೇಲೆ ಮಳೆ ಬಿಸಿಲಿಗೆ ಕೂತಿತ್ತು. 1994ರಲ್ಲಿ ಖಾಸಗಿ ಕಂಪನಿ ಹುಟ್ಟಿದ ಮೇಲೆ ಕಾರ್ಖಾನೆ ಎದ್ದಿತು. ಪಾಯದಿಂದ ಲಿಂಟಲ್ಲಿಗೆ ಬರಲು ಇಷ್ಟು ದಿನವಾ ಎಂದು ನಮ್ಮನ್ನು ನೋಡಿ ನಗುವವರಿಗೆ ಅಪ್ಪ ಈ ಅಡಿಗಲ್ಲಿನ ಕತೆ ಹೇಳುತ್ತಾನೆ. "ಸರ್ಕಾರನ ಇಪ್ಪತ್ ವರ್ಷ ತಗಂತು, ನಮ್ದೇನು" ಎನ್ನುತ್ತಾನೆ. ಅಂದ ಹಾಗೆ, ಉಕ್ಕು ಕಾಯಿಸುವ ಒಲೆ ಮಗ್ಗುಲಲ್ಲೇ ಇದ್ದರೂ ಕಂಬಿಯ ದರ ನಮಗೆ ಹೊಸಪೇಟೆ ಅಂಗಡಿಯ ದರವೇ. ಒಂದು ರೂಪಾಯಿ ಕಮ್ಮಿ ಇಲ್ಲ.

ಇದುವರೆಗೆ ನಾವು ಇದ್ದದ್ದು ಕೇರಿಯ ಕೊನೆಯ ಗುಡಿಸಲಿನಲ್ಲಿ. ಮೇಲಿನ ಹುಲ್ಲು ಹೋಗಿ ತಗಡು ಬಂದಿತ್ತು, ಗೋಡೆ ಮಾತ್ರ ಅಜ್ಜ ತುಳಿದ ಮಣ್ಣಿನದೇ. ಬಾಗಿಲು ನಾಲ್ಕಡಿಯೂ ಇರಲಿಲ್ಲ. ಕೇರಿಯ ಬಾಗಿಲುಗಳು ಯಾಕೆ ಗಿಡ್ಡ ಎಂದು ಓದಿದವನು ಒಮ್ಮೆ ಅಪ್ಪನನ್ನು ಕೇಳಿದ. ಮೇಲುಜಾತಿಯವರ ಕಟ್ಟಳೆ, ಅಪಮಾನ, ತಲೆ ತಗ್ಗಿಸುವ ಸಂಸ್ಕೃತಿ ಇಂಥ ಉತ್ತರವನ್ನು ಅವನು ನಿರೀಕ್ಷಿಸಿದ್ದ. ಹಾಸ್ಟೆಲಿನಲ್ಲಿ ಅಂಥ ಪದ್ಯವೊಂದನ್ನೂ ಬರೆದಿದ್ದ. ಅಪ್ಪ ಹೇಳಿದ್ದು ಬೇರೆ: "ಬಾಕ್ಲ ಎತ್ರ ಆಗಬೇಕಂದ್ರ ಗ್ವಾಡಿ ಎತ್ರ ಆಗಬೇಕು. ಗ್ವಾಡಿ ಎತ್ರ ಆದ್ರ ಕಂಬ ತೊಲಿ ಬೇಕು. ಕಂಬ ತೊಲಿ ಬೇಕಂದ್ರ ಮರ ಬೇಕು. ಮರ ಇರಬೇಕಂದ್ರ ಹೊಲ ಇರಬೇಕು. ಹೊಲ ಎಲ್ಲೈತಲೇ ನಮಗ?" ಆ ಪದ್ಯವನ್ನು ಓದಿದವನು ಎಲ್ಲಿಯೂ ಅಚ್ಚಿಗೆ ಕೊಡಲಿಲ್ಲ.

ಹಾಗೆಂದು ಕೈಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು. ಕಲ್ಲಿಗೆ ಕಲ್ಲು ಕಚ್ಚಿಸಿದ್ದು ಸುಣ್ಣ ಮತ್ತು ಸುರ್ಕಿಯ ಗಾರೆ. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಅಪ್ಪನ ಅಜ್ಜಿ ಆ ಗಾರೆಯ ಬುಟ್ಟಿ ಹೊತ್ತವಳು. ನೆತ್ತಿಯ ಕೂದಲು ಉದುರಿ ಮತ್ತೆ ಹುಟ್ಟಲಿಲ್ಲವಂತೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆಗ ನದಿ ದಂಡೆಯ ಊರುಗಳೆಲ್ಲ ಎದ್ದು ಕೂತಿದ್ದವು. ಕಂಪ್ಲಿಯಿಂದ ನೆಂಟರು ಗಳಿಗೆಗೊಂದು ಫೋನು ಮಾಡುತ್ತಿದ್ದರು. ಅಪ್ಪ ಟಿವಿಯ ಮುಂದೆ ಕೂತು ಒಂದೇ ಮಾತು ಆಡಿದ: "ಚೈನು ಕಡಿತು. ಕಲ್ಲು ಕದಲಿಲ್ಲ ನೋಡು." ತನ್ನ ಅಜ್ಜಿಯ ಬುಟ್ಟಿಯ ಮೇಲೆ ಅವನಿಗೆ ಅಷ್ಟು ನಂಬಿಕೆ.

ಹಂಪಿಗೆ ಹೋದರೆ ನಮ್ಮ ಕಣ್ಣು ರಥದ ಮೇಲೆ ನಿಲ್ಲುವುದಿಲ್ಲ. ಗುಡ್ಡದ ಬಂಡೆಗಳ ಮೇಲೆ ಸಾಲಾಗಿ ಕೊರೆದ ಗುಳಿಗಳಿವೆ, ಅಲ್ಲಿಗೆ ಹೋಗುತ್ತದೆ. ಆ ಗುಳಿಗಳಿಗೆ ಒಣ ಮರದ ಬೆಣೆ ಬಡಿದು ನೀರು ಕುಡಿಸಿದರೆ ಮರ ಉಬ್ಬಿ ಬಂಡೆ ಸೀಳುತ್ತದೆ ಎನ್ನುತ್ತಾರೆ. ಗುಳಿ ಕೊರೆದು ಸೀಳದೆ ಹಾಗೇ ಬಿಟ್ಟ ಬಂಡೆಗಳೂ ಇವೆ. ಬಿಟ್ಟು ಹೋದವರು ಸಂಜೆ ಯಾವ ಮನೆಗೆ ಹೋದರು? ಅರಮನೆಗಳ ಮೇಲಿನ ಮರದ ಕಟ್ಟಡ ಹೋಗಿ ಕಲ್ಲಿನ ಜಗಲಿ ಉಳಿದಿದೆ. ಕಲ್ಲು ಸೀಳಿದವರ ಗುಡಿಸಲಿನದು ಹುಡುಕಿದರೆ ಮಡಕೆಯ ಚೂರು ಸಿಕ್ಕೀತು.

2011ರ ಜುಲೈ ತಿಂಗಳು ನಮಗೆ ಎರಡು ಕಾರಣಕ್ಕೆ ನೆನಪು. ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆ ತೀರ್ಪು ಸರಿಯಾದದ್ದು. ಗುಡ್ಡಗಳನ್ನು ಹಗಲುರಾತ್ರಿ ಬಗೆದು ತಿನ್ನುತ್ತಿದ್ದರು. ಆದರೆ ಅದಿರು ತುಂಬುವ ಕೂಲಿಗೆ ಹೋಗುತ್ತಿದ್ದ ಅಪ್ಪ ಮಾರನೆಯ ದಿನದಿಂದ ಮನೆಯಲ್ಲಿ ಕೂತ. ಕದ್ದು ತಿಂದವರ ಲೆಕ್ಕ ಕೋರ್ಟಿನಲ್ಲಿ ನಡೆಯಿತು, ದುಡಿದು ತಿನ್ನುತ್ತಿದ್ದವರ ಲೆಕ್ಕ ಎಲ್ಲೂ ನಡೆಯಲಿಲ್ಲ. ಅದೇ ತಿಂಗಳ ಕೊನೆಗೆ ಹಂಪಿಯ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಹೂಡಿದ್ದವರ ಮನೆಗಳ ಮೇಲೆ ಜೆಸಿಬಿ ಹರಿಯಿತು. ಅವ್ವನ ತಮ್ಮ ಅಲ್ಲಿ ಎಳನೀರು ಮಾರುತ್ತಿದ್ದ. ಹಿಂದಿನ ದಿನ ಗೋಡೆಯ ಮೇಲೆ ಗುರುತು ಹಾಕಿ ಹೋಗಿದ್ದರು ಎಂದು ಹೇಳುತ್ತಿದ್ದ. ಆಮೇಲೆ ಅಲ್ಲಿನ ಜನಕ್ಕೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ನಮ್ಮ ಮಾವ ಮಗಳ ಊರಿಗೆ ಹೋಗಿಬಿಟ್ಟ.

ಕೂಲಿ ತಪ್ಪಿದ ಮೇಲೆ ಅಪ್ಪ ಗಾರೆ ಕೆಲಸ ಹಿಡಿದ. ಮೊದಲು ಕೈಯಾಳು, ಮೂರು ವರ್ಷಕ್ಕೆ ಕರಣೆ ಹಿಡಿದ, ಈಗ ಗೌಂಡಿ. ಸುತ್ತಿನ ಊರುಗಳಲ್ಲಿ ಅವನು ಎಬ್ಬಿಸಿದ ಗೋಡೆಗಳು ಎಷ್ಟೋ. ಒಂದು ಮನೆಯಲ್ಲಿ ಹೊಸ್ತಿಲು ಕೂರಿಸಿದವನು ಅವನೇ. ಕೂರಿಸುವ ದಿನ ಒಳಗೆ ಹೊರಗೆ ನೂರು ಸಲ ದಾಟಿದ್ದ. ಗೃಹಪ್ರವೇಶದ ದಿನ ಅವನಿಗೆ ಎಲೆ ಹಾಕಿದ್ದು ಹಿತ್ತಲಿನ ದನದ ಕೊಟ್ಟಿಗೆಯ ಪಕ್ಕ. ಅಪ್ಪ ಉಂಡು ಬಂದ. ಹೋಳಿಗೆ ಚೆನ್ನಾಗಿತ್ತು ಎಂದ. ನಾವು ಯಾರೂ ಮಾತಾಡಲಿಲ್ಲ.

ಮನೆ ಮಂಜೂರಾದದ್ದು ಅವ್ವನ ಹೆಸರಿಗೆ, ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ. ಬಯಲು ಸೀಮೆಯ ಹಳ್ಳಿಮನೆಗೆ ಕೇಂದ್ರ ರಾಜ್ಯ ಎರಡೂ ಸೇರಿ ಕೊಡುವ ಲೆಕ್ಕ 1 ಲಕ್ಷ 20 ಸಾವಿರ ಎಂದು ಕಾಗದ ಹೇಳುತ್ತಿತ್ತು. ಮನೆ ಅಡುಗೆ ಜಾಗ ಸೇರಿ 25 ಚದರ ಮೀಟರಿಗೆ ಕಮ್ಮಿ ಇರಬಾರದು. ನಮ್ಮ ಅಳತೆಯಲ್ಲಿ ಹೆಚ್ಚುಕಡಿಮೆ 270 ಚದರ ಅಡಿ. ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿಯನ್ನೂ ಬರೆಸಿದೆವು. ಗುತ್ತಿಗೆದಾರರನ್ನು ಸೇರಿಸಬಾರದು, ಫಲಾನುಭವಿಯೇ ಕಟ್ಟಿಕೊಳ್ಳಬೇಕು ಎಂಬುದು ನಿಯಮ. ಓದಿದವನು ಇದನ್ನು ಓದಿ ಹೇಳಿದಾಗ ಅವ್ವ ಕೇಳಿದಳು: "ಫಲಾನುಭವಿ ಅಂದ್ರ?"

"ಹಣ್ಣು ತಿನ್ನೋರು."

"ಅಂಗಾದ್ರ ನಮಗಲ್ಲ ಬಿಡು ಅದು" ಎಂದು ನಕ್ಕಳು.

ಹಂತ ಹಂತಕ್ಕೆ ಫೋಟೊ ಹೊಡೆಯಬೇಕು. ಪಾಯ ಆದ ಮೇಲೆ ಒಂದು, ಲಿಂಟಲ್ ಆದ ಮೇಲೆ ಒಂದು, ಮಾಳಿಗೆಗೆ ಒಂದು, ಮುಗಿದ ಮೇಲೆ ಒಂದು. ಫೋನಿನಲ್ಲಿ ಹೊಡೆದ ಫೋಟೊಕ್ಕೆ ಜಾಗದ ಗುರುತೂ ಅಂಟಿಕೊಂಡು ಹೋಗುತ್ತದೆ. ಪಾಯದ ಫೋಟೊಕ್ಕೆ ಅವ್ವ ತಲೆ ತುಂಬ ಸೆರಗು ಹೊದ್ದು ನಿಂತಳು. ಅವಳ ಆಯುಷ್ಯದಲ್ಲಿ ಒಬ್ಬಳೇ ನಿಂತು ಹೊಡೆಸಿಕೊಂಡ ಮೊದಲ ಫೋಟೊ. ಫೋಟೊ ಅಂದೇ ಹೋಯಿತು. ದುಡ್ಡು ಬರಲು ಐದು ತಿಂಗಳಾಯಿತು. ಆ ಐದು ತಿಂಗಳು ಯಾರ ಟೇಬಲ್ಲಿನ ಮೇಲೆ ಕೂತಿತ್ತೋ, ಎಷ್ಟು ಸಲ ಹೋಗಿ ನಿಂತೆವೋ, ಆ ಪುರಾಣ ಇಲ್ಲಿ ಬೇಡ. ಓದುವವರ ಮನೆಯಲ್ಲೂ ಅಂಥದೊಂದು ಇದ್ದೇ ಇರುತ್ತದೆ.

ಪಾಯ ತೋಡಿದ್ದು 2023ರ ದೀಪಾವಳಿ ಕಳೆದ ಮೇಲೆ. ನಮ್ಮ ಜಾಗ ಎರೆಮಣ್ಣಿನದು. ಎರೆ ಬೆಳೆಗೆ ತಾಯಿ, ಮನೆಗೆ ಶತ್ರು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ಮೇಲಿನ ಗೋಡೆಯನ್ನು ಸೀಳುತ್ತದೆ. ಸುತ್ತಿನ ಎಷ್ಟೋ ಸರ್ಕಾರಿ ಮನೆಗಳ ಗೋಡೆ ಎರಡು ಮಳೆಗಾಲಕ್ಕೇ ಮೂಲೆಯಿಂದ ಬಿಚ್ಚಿಕೊಂಡದ್ದು ಇದಕ್ಕೇ. ಮೊರಂ ಸಿಗುವ ತನಕ ತೋಡಬೇಕು ಎಂದು ಅಪ್ಪ ಹಟ ಹಿಡಿದ. ಮೂರಡಿಗೆ ಮುಗಿಯುತ್ತದೆ ಎಂದುಕೊಂಡಿದ್ದು ಐದೂವರೆ ಅಡಿಗೆ ಹೋಯಿತು. ಅರ್ಧ ದುಡ್ಡು ಯಾರಿಗೂ ಕಾಣದ ಕಡೆ ಹೂತುಹೋಯಿತು ಎಂದು ತಮ್ಮ ಗೊಣಗಿದ. ಅವನು ಟೌನಿನಲ್ಲಿ ಗ್ಯಾರೇಜಿನಲ್ಲಿರುವವನು, ಕಾಣುವ ಕೆಲಸ ಅವನಿಗೆ ಇಷ್ಟ.

ಮೂಲೆ ಮಟ್ಟ ಹಿಡಿದ ದಿನ ನೆನಪಿಡುವಂಥದು. ಅಪ್ಪ ಗೂಟ ನೆಟ್ಟು ದಾರ ಕಟ್ಟಿ ಒಂದು ಕಡೆ ಮೂರಡಿಗೆ ಗುರುತು ಹಾಕಿದ, ಇನ್ನೊಂದು ಕಡೆ ನಾಲ್ಕಡಿಗೆ. ಆ ಎರಡು ಗುರುತಿನ ನಡುವೆ ಟೇಪು ಹಿಡಿದು ಸರಿಯಾಗಿ ಐದಡಿ ಬರುವ ತನಕ ದಾರ ಸರಿಸಿದ. ಬಂತು. "ಈಗ ಮೂಲಿ ಕೂಡ್ತು" ಎಂದ. ಓದಿದವನು ಹೈಸ್ಕೂಲಿನಲ್ಲಿ ಇದನ್ನೇ ಪೈಥಾಗೊರಸನ ಪ್ರಮೇಯ ಎಂದು ಉರುಹೊಡೆದು ಎರಡು ಸಲ ಏಟು ತಿಂದಿದ್ದ. ಇದು ಎಲ್ಲಿ ಕಲಿತೆ ಎಂದು ಕೇಳಿದರೆ ಅಪ್ಪ, "ಕೈಯಾಳಿದ್ದಾಗ ನೋಡಿದ್ದು, ಹೇಳಿಕೊಡೋರು ಯಾರದಾರ" ಎಂದ. ಶಾಲೆಯ ಮಾಸ್ತರುಗಳು ಈ ಪತ್ರಿಕೆ ಓದುತ್ತೀರಿ ಎಂದು ಗೊತ್ತು. ನಿಮ್ಮ ತರಗತಿಯ ಮಕ್ಕಳಲ್ಲಿ ಗೌಂಡಿಯ ಮಗಳೋ ಮಗನೋ ಇದ್ದರೆ, ಆ ಪ್ರಮೇಯದ ದಿನ ಅಪ್ಪನನ್ನು ದಾರ ಸಮೇತ ಶಾಲೆಗೆ ಕರೆಸಿ ನೋಡಿ.

ಕೆಲಸಕ್ಕೆ ಆಳು ಇಟ್ಟಿಲ್ಲ. ಕೇರಿಯಲ್ಲಿ ಮುಯ್ಯಾಳಿನ ಪದ್ಧತಿ ಇನ್ನೂ ಉಸಿರಾಡುತ್ತಿದೆ. ಅವರ ಮನೆಗೆ ನಾವು ಎರಡು ದಿನ ದುಡಿದರೆ ನಮ್ಮ ಮನೆಗೆ ಅವರು ಎರಡು ದಿನ. ಹಳಬರಿಗೆ ಇನ್ನೊಂದು ಪದವೂ ಗೊತ್ತು, ಬಿಟ್ಟಿ. ಕರೆದಾಗ ಹೋಗಬೇಕು, ಕೊಟ್ಟರೆ ಕೊಟ್ಟರು, ಕೇಳುವಂತಿಲ್ಲ. 1976ರಲ್ಲಿ ಜೀತ ರದ್ದಾಯಿತು ಎಂದು ಕಾನೂನು ಹೇಳಿತು. ಅಜ್ಜ ಆಮೇಲೂ ಊರಿನ ಮನೆಗಳ ಮಾಳಿಗೆಗೆ ಮಣ್ಣು ಹೊತ್ತ, ಬಿಟ್ಟಿಗೆ. ಬಿಟ್ಟಿಗೂ ಮುಯ್ಯಿಗೂ ಕೆಲಸ ಒಂದೇ, ಅದೇ ಬುಟ್ಟಿ, ಅದೇ ಸಲಿಕೆ. ಆದರೆ ಭಾನುವಾರ ನಮ್ಮ ಜಾಗದಲ್ಲಿ ಹನ್ನೆರಡು ಜನ ಸಾಲು ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುವಾಗ ಏಳುವ ಗಲಾಟೆ ನೋಡಬೇಕು. ಹಾಡು, ಬೈಗುಳ, ಚೇಷ್ಟೆ. ಬಿಟ್ಟಿಯ ಕೆಲಸದಲ್ಲಿ ಯಾರೂ ನಕ್ಕದ್ದು ಕೇಳಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಪಾಯದ ಸೈಜುಗಲ್ಲು ಕೆತ್ತಿಕೊಟ್ಟವನು ಭೋವಿಗಳ ಹುಡುಗ. ಅವನ ಮನೆಯ ಪ್ಲಾಸ್ಟರು ನಮ್ಮ ಮೇಲೆ ಬಾಕಿ ಇದೆ.

ಇನ್ನು ಓದಿದವನ ಗೋಡೆಯ ಕತೆ. ಒಳಗಿನ ಸಣ್ಣ ಕೋಣೆಯ ಅಡ್ಡಗೋಡೆಯನ್ನು ತಾನೇ ಎಬ್ಬಿಸುತ್ತೇನೆ ಎಂದ. ಅಪ್ಪ ಬೇರೆ ಕಡೆ ಕೂಲಿಗೆ ಹೋಗಿದ್ದ. ಕಂಪ್ಲಿ ಕಡೆಯ ಇಟ್ಟಿಗೆ, ಒಂದಕ್ಕೆ ಆರು ಮರಳು ಸಿಮೆಂಟು. ಅಕ್ಕ ಬಾಂಡ್ಲಿ ಕೊಟ್ಟಳು, ಇವನು ಕರಣೆ ಆಡಿಸಿದ. ಸಂಜೆಗೆ ಎದೆಯೆತ್ತರ ಬಂತು. ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದ. ಅಪ್ಪ ಬಂದವನು ಕೈಕಾಲು ತೊಳೆಯುವ ಮೊದಲು ಗುಂಡು ಬಿಟ್ಟು ನೋಡಿದ. ಗುಂಡಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು. ಏನೂ ಹೇಳದೆ ಮೇಲಿನ ವರಸೆಯಿಂದ ಇಟ್ಟಿಗೆ ಕೀಳತೊಡಗಿದ. ಓದಿದವನಿಗೆ ಸಿಟ್ಟು ಬಂತು. "ಪ್ಲಾಸ್ಟರಿನಾಗ ಮುಚ್ಚಿ ಹೋಗ್ತೈತಲ್ಲ, ಬೇರೇರ ಮನ್ಯಾಗ ನೀ ಮುಚ್ಚಿಲ್ಲೇನು?" ಎಂದುಬಿಟ್ಟ.

ಅಪ್ಪ ಕೈ ನಿಲ್ಲಿಸಿದ. "ಮುಚ್ಚೀನಿ. ಅಲ್ಲಿ ಮಲಗೋನು ನಾನಲ್ಲ" ಎಂದ.

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆವು. ಬರೆದಿದ್ದೇವೆ. ದುಡಿಯುವವರೆಲ್ಲ ಪರರ ಕೆಲಸವನ್ನೂ ಪೂಜೆಯಂತೆ ಮಾಡುತ್ತಾರೆ ಎಂದು ಭಾಷಣಗಳಲ್ಲಿ ಕೇಳಿದ್ದೇವೆ. ಕೊಟ್ಟಿಗೆಯ ಪಕ್ಕ ಎಲೆ ಹಾಕಿಸಿಕೊಂಡವನ ಕೈಯಿಂದ ಪೂಜೆ ಬಯಸುವುದು ಯಾವ ನ್ಯಾಯ? ಆ ರಾತ್ರಿ ಅವ್ವ ಅಕ್ಕ ಕೂತು ಹಸಿ ಗಾರೆ ಕೆರೆದು ಇಟ್ಟಿಗೆಗಳನ್ನು ತೊಳೆದಿಟ್ಟರು. ಎಂಟು ರೂಪಾಯಿಯ ಇಟ್ಟಿಗೆ, ಒಂದನ್ನೂ ಎಸೆಯುವಂತಿಲ್ಲ. ಗೋಡೆ ಮತ್ತೆ ಎದ್ದಿತು, ಅಪ್ಪ ಪಕ್ಕದಲ್ಲಿ ನಿಂತು ಪ್ರತಿ ಮೂರು ವರಸೆಗೆ ಗುಂಡು ಬಿಡಿಸಿದ.

ಬೆಂಗಳೂರಿನಿಂದ ಒಬ್ಬ ಗೆಳೆಯರು ಬಂದಿದ್ದರು. ಒಳ್ಳೆಯವರು, ಹೋರಾಟಗಳಲ್ಲಿ ಜೊತೆಗೆ ನಿಂತವರು. ನಮ್ಮ ಸಿಮೆಂಟು ಮೂಟೆ ನೋಡಿ ಬೇಸರಪಟ್ಟರು. ಮಣ್ಣಿನ ಮನೆ ತಂಪು, ನೆಲದ ಜ್ಞಾನ, ಈ ಬಿಸಿಲಿಗೆ ಕಾಂಕ್ರೀಟು ಕಾದ ಹೆಂಚಾಗುತ್ತದೆ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಮೇ ತಿಂಗಳ ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಮಾಳಿಗೆ ಮನೆಯ ಒಳಗೆ ಹೊಕ್ಕರೆ ಬೇರೆ ಊರಿಗೆ ಬಂದಂತಿರುತ್ತದೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತಾಗಿ ತುಂಡು ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಮೇಲೆ ಗೇಣು ದಪ್ಪ ಹದಮಾಡಿದ ಮಣ್ಣು, ಎಲ್ಲದರ ಮೇಲೆ ನೀರು ಇಳಿಯದಂಥ ಸವಳು ಮಣ್ಣು. ನಡುವೆ ಬೆಳಕಿಂಡಿ. ಸಿಮೆಂಟಿನವರು ನಾಚಬೇಕಾದ ಕೆಲಸ ಅದು. ಆದರೆ ಆ ಮಾಳಿಗೆ ಇದ್ದದ್ದು ಊರಿನಲ್ಲಿ, ತೊಲೆಗೆ ಬೇವು ತೇಗ ಇದ್ದವರಿಗೆ. ಪ್ರತಿ ಮುಂಗಾರಿಗೆ ಮುಂಚೆ ಮೇಲೆ ಹೊಸ ಮಣ್ಣು ಹೊರಲು ಬಿಟ್ಟಿ ಆಳಿದ್ದವರಿಗೆ. ನಮಗೆ ಸಿಕ್ಕಿದ್ದ ಮಣ್ಣು ಬೇರೆ. ಮಳೆಗೆ ಕುಸಿಯುವ ಮಣ್ಣು, ಮೇಲೆ ಹುಲ್ಲು, ಹುಲ್ಲಿಗೆ ಬೆಂಕಿ. ಅವ್ವ ಹುಡುಗಿಯಿದ್ದಾಗ ಅವಳ ತವರಿನ ಕೇರಿಯಲ್ಲಿ ಒಂದು ಮಧ್ಯಾಹ್ನ ಹದಿನಾಲ್ಕು ಗುಡಿಸಲು ಸುಟ್ಟವು. ಕಿಡಿ ಎಲ್ಲಿಂದ ಬಂತೆಂದು ಕೊನೆಗೂ ಗೊತ್ತಾಗಲಿಲ್ಲ, ಅಥವಾ ಗೊತ್ತಿದ್ದವರು ಹೇಳಲಿಲ್ಲ. ಆ ಗೆಳೆಯರ ಮಾತಿಗೆ ಅವ್ವ ಕೊಟ್ಟ ಉತ್ತರ ಇಷ್ಟೇ: "ಸುಡ್ಲಾರದ ಮನಿ ಆದ್ರ ಸಾಕಪ್ಪಾ. ಸೆಕಿಗೆ ಹೊರಗ ಮಲಗ್ತೀವಿ."

ಆದರೂ ಅವರ ಮಾತು ಪೂರಾ ದಂಡವಾಗಲಿಲ್ಲ. ಬೆಳಕಿಂಡಿಯನ್ನು ನಾವು ಇಟ್ಟುಕೊಳ್ಳುತ್ತಿದ್ದೇವೆ. ಸ್ಲ್ಯಾಬಿನಲ್ಲಿ ಒಂದಡಿ ಚೌಕ ಬಿಟ್ಟು ಗಾಜು ಹಾಕುವುದೆಂದು ಅಪ್ಪ ಒಪ್ಪಿದ್ದಾನೆ.

ನೀರಿನದು ಎಲ್ಲಕ್ಕಿಂತ ದೊಡ್ಡ ಕಷ್ಟ. ಸಿಮೆಂಟು ಕುಡಿದಷ್ಟು ನೀರನ್ನು ದನವೂ ಕುಡಿಯುವುದಿಲ್ಲ. ಕಟ್ಟಿದ ಗೋಡೆಗೆ ಕಮ್ಮಿ ಎಂದರೂ ಒಂದು ವಾರ ಎರಡು ಹೊತ್ತು ನೀರು ಹೊಡೆಯಬೇಕು. ಹೊಡೆಯದಿದ್ದರೆ ಗಾರೆ ಒಳಗೇ ಸತ್ತು ಮರಳಾಗುತ್ತದೆ. ಕೇರಿಯ ನಲ್ಲಿಗೆ ನೀರು ನಾಲ್ಕು ದಿನಕ್ಕೊಂದು ಸಲ, ಅದೂ ರಾತ್ರಿ. ಅಕ್ಕ ಲೆಕ್ಕ ಇಟ್ಟಿದ್ದಾಳೆ, ಲಿಂಟಲ್ ತನಕ ಅವಳು ಹೊತ್ತದ್ದು ಎರಡು ಸಾವಿರ ಕೊಡದ ಮೇಲೆ. ಗಂಡ ಬಿಟ್ಟ ಮೇಲೆ ಮಗಳನ್ನು ಕಟ್ಟಿಕೊಂಡು ಬಂದವಳು, ಈ ಮನೆಯಲ್ಲಿ ತನಗೊಂದು ಮೂಲೆ ಉಂಟೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳಿಲ್ಲ, ಕೊಡ ಎಣಿಸಿದ್ದಾಳೆ. ಲೆಕ್ಕ ಯಾಕೆಂದು ನಮಗೆ ತಡವಾಗಿ ತಿಳಿಯಿತು. ಆ ಸಣ್ಣ ಕೋಣೆ ಅವಳದು ಎಂದು ಒಂದು ರಾತ್ರಿ ಉಣ್ಣುವಾಗ ಅಪ್ಪ ಹೇಳಿದ. ಅದನ್ನು ಪುಸ್ತಕದ ಕೋಣೆ ಎಂದುಕೊಂಡಿದ್ದ ಓದಿದವನು ಮಾತಾಡದೆ ರೊಟ್ಟಿ ಮುರಿದ.

ಹತ್ತಿರದ ಹೊಲದ ಬೋರಿನ ಧಣಿ ನೀರು ಕೊಡಲು ಒಪ್ಪಿದ. ಒಪ್ಪಿದ್ದು ದೊಡ್ಡ ಗುಣವೇ. "ಪೈಪು ಮಾತ್ರ ನೀವು ಹಿಡೀಬ್ಯಾಡ್ರಿ, ನಮ್ಮ ಹುಡುಗ ಬಿಡ್ತಾನ, ನೀವು ಡ್ರಮ್ಮು ದೂರ ಇಡ್ರಿ" ಎಂದ. ತಮ್ಮ ಡ್ರಮ್ಮನ್ನು ಖಾಲಿಯೇ ಉರುಳಿಸಿಕೊಂಡು ವಾಪಸು ಬಂದ. ಅವನದು ಸರಿಯೋ ತಪ್ಪೋ ಎಂದು ನಮ್ಮಲ್ಲಿ ಎರಡು ದಿನ ಜಗಳ. ಗೋಡೆ ಒಣಗುತ್ತಿತ್ತು. ಮೂರನೆಯ ದಿನ ಅವ್ವ ಹೋಗಿ ಡ್ರಮ್ಮು ದೂರ ಇಟ್ಟು ತುಂಬಿಸಿಕೊಂಡು ಬಂದಳು. ಉತ್ತರ ಕಡೆಯ ಗೋಡೆ ಆ ನೀರಿನಿಂದ ಗಟ್ಟಿಯಾದದ್ದು. ತಮ್ಮ ಇವತ್ತಿಗೂ ಆ ಗೋಡೆಗೆ ಬೆನ್ನು ಕೊಟ್ಟು ಕೂರುವುದಿಲ್ಲ.

ಗೂಡಿನ ವಿಷಯಕ್ಕೆ ಇನ್ನೊಂದು ಜಗಳ ಆಯಿತು. ಪಡಸಾಲೆಯ ಗೋಡೆಯಲ್ಲಿ ಹುಲಿಗೆಮ್ಮನಿಗೆ ಒಂದು ಗೂಡು ಬಿಡಬೇಕು ಎಂದು ಅವ್ವ. ಕೋಣೆಯಂತೂ ಹೋಯಿತು, ಆ ಜಾಗವಾದರೂ ಪುಸ್ತಕಕ್ಕೆ ಬೇಕು ಎಂದು ಓದಿದವನು. ಅವನು ಅಂಬೇಡ್ಕರರ ಕತೆ ತೆಗೆದ. ಕೊಲಂಬಿಯದಲ್ಲಿ ಓದಿ ಬಂದವರಿಗೆ 1917ರಲ್ಲಿ ಬರೋಡದಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿಗಳ ಛತ್ರದಲ್ಲಿ ಉಳಿದರು. ಗೊತ್ತಾದ ಮೇಲೆ ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು. ಅದೇ ಮನುಷ್ಯ ಆಮೇಲೆ ಮುಂಬಯಿಯ ದಾದರಿನಲ್ಲಿ ರಾಜಗೃಹ ಎಂಬ ಮನೆ ಕಟ್ಟಿಸಿದರು, ಪುಸ್ತಕ ಇಡಲು ಜಾಗ ಬೇಕು ಎಂದು. ಅವ್ವ ಪೂರಾ ಕೇಳಿದಳು. ಕಣ್ಣೊರೆಸಿಕೊಂಡಳು. ಆಮೇಲೆ, "ಅವರಿಗೂ ಒಂದು ಗೂಡು ಬಿಡ್ರಿ, ಅಮ್ಮಗೂ ಒಂದು ಬಿಡ್ರಿ" ಎಂದಳು. ಈಗ ಎರಡು ಗೂಡುಗಳಿವೆ, ಒಂದೇ ಅಳತೆ. ಯಾವುದು ಯಾರದು ಎಂದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಒಂದರಲ್ಲಿ ಕರಣೆ, ಇನ್ನೊಂದರಲ್ಲಿ ರಸಮಟ್ಟ ಕೂತಿವೆ.

ಮುಂಬಾಗಿಲು ಏಳಡಿ. ಅಪ್ಪ ಅಳತೆ ಹೇಳಿದಾಗ ಅವ್ವ, "ಅಷ್ಟೆತ್ರ ಯಾಕ, ಆನಿ ಕಟ್ತೀರೇನು?" ಎಂದು ಅಣಕಿಸಿದ್ದಳು. ಚೌಕಟ್ಟು ನಿಂತು ನಾಲ್ಕು ತಿಂಗಳಾಯಿತು. ಬಾಂಡ್ಲಿ ತಲೆಯ ಮೇಲಿದ್ದರೆ ನೆಟ್ಟಗೆ ಒಳಗೆ ಬರುತ್ತಾಳೆ. ಬರಿಗೈಯಲ್ಲಿ ಬರುವಾಗ ಅವ್ವ ಈಗಲೂ ಬಗ್ಗುತ್ತಾಳೆ. ಅಕ್ಕನ ಮಗಳು ಅದನ್ನೇ ಆಟ ಮಾಡಿಕೊಂಡಿದೆ, ಅಜ್ಜಿಯ ಹಿಂದೆ ಬಂದು ತಾನೂ ಬಗ್ಗಿ ನಗುತ್ತದೆ. ಅವ್ವನೂ ನಗುತ್ತಾಳೆ, ಮತ್ತೆ ಬಗ್ಗುತ್ತಾಳೆ.

ಕಳೆದ ತಿಂಗಳು ಒಬ್ಬರು ಬಂದಿದ್ದರು. ಅಪ್ಪ ಹಿಂದೆ ಹೊಸ್ತಿಲು ಕೂರಿಸಿದ ಮನೆಯವರೇ. ಕಾಂಪೌಂಡಿಗೆ ಪ್ಲಾಸ್ಟರು ಮಾಡಿಸಬೇಕಾಗಿತ್ತು. ಅಪ್ಪ ಒಳಗೆ ಅಟ್ಟಣೆಯ ಮೇಲಿದ್ದ. ಬಂದವರು ನಮ್ಮ ಹೊಸ್ತಿಲ ಮುಂದೆ ಬಂದು ನಿಂತರು. ಮೇಲೆ ಮಾಳಿಗೆಯಿಲ್ಲ, ಚೌಕಟ್ಟಿಗೆ ಕದವಿಲ್ಲ, ಒಳಗೂ ಹೊರಗೂ ಒಂದೇ ಬಿಸಿಲು. ಅವ್ವ, "ಒಳಗ ಬರ್ರಿ ಗೌಡ್ರೇ" ಎಂದಳು.

"ಇರ್ಲಿ ಬಿಡವ್ವಾ, ಇಲ್ಲೇ ಆರಾಮೈತಿ."

"ಬಿಸಿಲೈತ್ರೀ, ಗ್ವಾಡಿ ನೆಳ್ಳಿಗೆ ಬರ್ರಿ."

"ಇಲ್ಲೇ ಆರಾಮೈತಿ" ಎಂದರು ಮತ್ತೆ. ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಕಾಲು ಗಂಟೆ ಬಿಸಿಲಿನಲ್ಲೇ ನಿಂತರು. ಅಪ್ಪ ಕೆಳಗೆ ಇಳಿಯಲಿಲ್ಲ. ಅಟ್ಟಣೆಯ ಮೇಲಿಂದಲೇ ದರ ಹೇಳಿದ. ಎಂದಿನ ದರಕ್ಕಿಂತ ನೂರು ರೂಪಾಯಿ ಹೆಚ್ಚು. ಅವರು ತಲೆಯೆತ್ತಿ ನೋಡಿ, ಆಗಲಿ ಎಂದು ಹೋದರು. ಹೋದ ಮೇಲೆ ಅಕ್ಕನ ಮಗಳು ಚೌಕಟ್ಟಿನ ಈಚೆ ಒಂದು ಕಾಲು ಆಚೆ ಒಂದು ಕಾಲು ಇಟ್ಟು ನಿಂತು ಕೇಳಿತು: "ಮಾಳಿಗಿನ ಇಲ್ಲ, ಒಳಗ ಯಾವುದು, ಹೊರಗ ಯಾವುದು?" ಬಿ.ಎ. ಓದಿದವನಿಗೆ ಉತ್ತರ ಹೊಳೆಯಲಿಲ್ಲ.

ಈಗ ಉಳಿದಿರುವುದು ಮಾಳಿಗೆ. ಲಿಂಟಲಿನ ಫೋಟೊ ಹೋಗಿದೆ, ಕಂತು ಬಂದಿಲ್ಲ. ತಗಡು ಹಾಕಿ ಒಳಗೆ ಸೇರಿಕೊಳ್ಳೋಣ ಎಂದು ತಮ್ಮ. ಸ್ಲ್ಯಾಬೇ ಆಗಬೇಕು, ಇಲ್ಲದಿದ್ದರೆ ಈ ಮಳೆಗಾಲವೂ ಗುಡಿಸಲೇ ಎಂದು ಅಪ್ಪ. ಸೆಂಟ್ರಿಂಗ್ ಹಲಗೆಯ ಬಾಡಿಗೆ ಕೇಳಿಕೊಂಡು ಬಂದಿದ್ದೇವೆ. ಸ್ಲ್ಯಾಬು ಒಂದೇ ದಿನದಲ್ಲಿ ಮುಗಿಯಬೇಕು, ನಡುವೆ ನಿಲ್ಲಿಸುವಂತಿಲ್ಲ; ಇಪ್ಪತ್ತು ಜನ ಮುಯ್ಯಾಳು ಹೆಸರು ಕೊಟ್ಟಿದ್ದಾರೆ, ಅವರಿಗೆ ಊಟಕ್ಕೆ ಏನು ಮಾಡುವುದೆಂದು ಅವ್ವ ಅಕ್ಕ ಈಗಲೇ ಲೆಕ್ಕ ಹಾಕುತ್ತಿದ್ದಾರೆ. ಪತ್ರಿಕೆಯ ಗೆಳೆಯರಲ್ಲಿ ಬಾಂಡ್ಲಿ ಹಿಡಿಯಲು ಬರುವವರಿದ್ದರೆ ಬನ್ನಿ. ತೋರಣಗಲ್ಲಿನಲ್ಲಿ ಇಳಿದು ವಡ್ಡು ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕೇರಿ ಎಂದು ಕೇಳಿದರೂ ತೋರಿಸುತ್ತಾರೆ, ದೂರದಿಂದ.

ಇವತ್ತು ರಾತ್ರಿ ನಲ್ಲಿಗೆ ನೀರು ಬರುವ ದಿನ. ಅಕ್ಕ ಕೊಡಗಳನ್ನು ಸಾಲು ಇಟ್ಟಿದ್ದಾಳೆ. ಲಿಂಟಲ್ಲಿಗೆ ಇನ್ನೂ ಮೂರು ದಿನ ನೀರು ಹೊಡೆಯಬೇಕು.